ಮರುಪಾವತಿ ಎಂಬ ಅಳತೆಗೋಲು ಅಳೆಯುವುದೇನನ್ನು?

ಯಾವುದೇ ಉಪಕರಣವನ್ನು ಕೈಗೆತ್ತಿಕೊಳ್ಳುವ ಮೊದಲು ಅದು ಏನನ್ನು ಅಳೆಯುತ್ತದೆ ಎಂದು ಕೇಳಿಕೊಳ್ಳಬೇಕು. ಥರ್ಮಾಮೀಟರು ತೋರಿಸುವುದು ತಾಪವನ್ನು, ಉಷ್ಣದ ಪ್ರಮಾಣವನ್ನಲ್ಲ. ಒಂದು ಲೋಟ ಕುದಿನೀರಿಗೂ ಒಂದು ಹಂಡೆ ಕುದಿನೀರಿಗೂ ಅದು ಒಂದೇ ಅಂಕಿಯನ್ನು ಕೊಡುತ್ತದೆ. ಮಹಿಳಾ ಸ್ವಸಹಾಯ ಸಂಘಗಳ ವರದಿಗಳನ್ನು ಓದುವಾಗಲೂ ಇದೇ ಎಚ್ಚರ ಬೇಕು. ಸಾಲದ ಮರುಪಾವತಿ ಶೇಕಡ ನೂರರ ಸಮೀಪವಿದೆ, ಆದ್ದರಿಂದ ಕಾರ್ಯಕ್ರಮ ಯಶಸ್ವಿ ಎಂದು ಅವು ಹೇಳುತ್ತವೆ. ಈ ‘ಆದ್ದರಿಂದ’ ಎಂಬ ಮಾತನ್ನು ಪರೀಕ್ಷಿಸುವುದು ಇಲ್ಲಿನ ಉದ್ದೇಶ.

ಸಂಘಗಳ ಸಾಧನೆ ಸಣ್ಣದಲ್ಲ. ಮೈರಾಡ ಸಂಸ್ಥೆ ಕರ್ನಾಟಕದಲ್ಲಿ ಪಡೆದ ಅನುಭವದ ಬೆಂಬಲದಿಂದ ನಬಾರ್ಡ್ 1992ರಲ್ಲಿ ಸಂಘಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಯೋಜನೆಯನ್ನು ಆರಂಭಿಸಿತು. ಬೆಳ್ತಂಗಡಿಯಲ್ಲಿ ಅದಕ್ಕೂ ಹತ್ತು ವರ್ಷ ಮೊದಲೇ, 1982ರಲ್ಲಿ, ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಹುಟ್ಟಿತ್ತು. ಅದರ ಪ್ರಗತಿಬಂಧು ಗುಂಪುಗಳಲ್ಲಿ ಸಣ್ಣ ರೈತರು ವಾರಕ್ಕೊಂದು ದಿನ ಸರದಿಯ ಮೇಲೆ ಒಬ್ಬರ ಜಮೀನಿನಲ್ಲಿ ಎಲ್ಲರೂ ದುಡಿಯುತ್ತಾರೆ. ಹಳೆಯ ಮುಯ್ಯಾಳು ಪದ್ಧತಿಗೆ ಇದು ಹೊಸ ರೂಪ. ಬ್ಯಾಂಕಿನ ಮೆಟ್ಟಿಲು ಹತ್ತದಿದ್ದ ಹೆಂಗಸರು ಇಂದು ಲೆಕ್ಕಪುಸ್ತಕ ಬರೆಯುತ್ತಾರೆ, ಸಭೆಯಲ್ಲಿ ಪ್ರಶ್ನೆ ಕೇಳುತ್ತಾರೆ. ಇದನ್ನು ಒಪ್ಪಿಕೊಂಡೇ ಮುಂದೆ ಹೋಗೋಣ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸಣ್ಣ ಹಿಡುವಳಿಯ ಮುಖ್ಯ ಬೆಳೆ ಅಡಿಕೆ. ಸಸಿ ನೆಟ್ಟ ಮೇಲೆ ಫಸಲಿಗೆ ಸುಮಾರು ಐದು ವರ್ಷ ಕಾಯಬೇಕು. ಬೆಳೆದ ತೋಟಕ್ಕಾದರೂ ಮಳೆಗಾಲದ ಮೊದಲು ಕೊಳೆರೋಗದ ವಿರುದ್ಧ ಬೋರ್ಡೊ ದ್ರಾವಣ ಸಿಂಪಡಿಸಬೇಕು, ನಲವತ್ತು-ನಲವತ್ತೈದು ದಿನಗಳ ಬಳಿಕ ಮತ್ತೊಮ್ಮೆ. ಮೈಲುತುತ್ತು, ಸುಣ್ಣ, ಆಳಿನ ಕೂಲಿ ಎಲ್ಲಕ್ಕೂ ಹಣ ಬೇಕಾಗುವುದು ಆಗ. ಕೊಯ್ಲು ಚಳಿಗಾಲದಲ್ಲಿ. ಕೊಯ್ದ ಹಣ್ಣಡಿಕೆ ಅಂಗಳದಲ್ಲಿ ಮತ್ತೆ ಸುಮಾರು ನಲವತ್ತು ದಿನ ಒಣಗಿ, ಸುಲಿದ ಮೇಲೆಯೇ ಮಾರಾಟ. ಸಂಘದ ಕಂತು ಮಾತ್ರ ಸಾಲ ಪಡೆದ ಮರುವಾರದಿಂದಲೇ ಆರಂಭವಾಗುತ್ತದೆ. ತೋಟದಿಂದ ಕಾಸು ಹುಟ್ಟದ ಆಟಿ ತಿಂಗಳಲ್ಲೂ ಅದು ನಿಲ್ಲುವುದಿಲ್ಲ.

ಹಾಗಾದರೆ ಆ ಕಂತನ್ನು ಕಟ್ಟುವ ಹಣ ಎಲ್ಲಿಂದ ಬರುತ್ತದೆ? ಈ ಭಾಗದ ಮನೆಗಳನ್ನು ಬಲ್ಲವರಿಗೆ ಉತ್ತರ ಗೊತ್ತು: ಬೀಡಿಯ ಬಟವಾಡೆಯಿಂದ, ಡೈರಿಗೆ ಹಾಕಿದ ಹಾಲಿನಿಂದ, ಗಂಡನ ಕೂಲಿಯಿಂದ. ಇವು ಯಾವುವೂ ಇಲ್ಲದಾಗ ಇನ್ನೊಂದು ಸಾಲದಿಂದ. ಅಂದರೆ, ಕೃಷಿಗೆಂದು ಕೊಟ್ಟ ಸಾಲದ ಯಶಸ್ಸನ್ನು ನಾವು ಬೀಡಿಯ ಎಲೆಯಲ್ಲಿ ಅಳೆಯುತ್ತಿದ್ದೇವೆ. ಬೀಡಿ ಉದ್ಯಮ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ. ಆರೋಗ್ಯದ ದೃಷ್ಟಿಯಿಂದ ಅದು ಕುಗ್ಗಬೇಕಾದದ್ದೇ. ಆದರೆ ಕಂತಿನ ಕೆಳಗಿನ ಆಧಾರ ಜಾರಿದಾಗ ಮರುಪಾವತಿಯ ಅಂಕಿ ತಕ್ಷಣ ಇಳಿಯುವುದಿಲ್ಲ. ಒಬ್ಬಳ ಬಾಕಿಗೆ ಉಳಿದವರು ಹೊಣೆಯಾದ್ದರಿಂದ, ಅಕ್ಕಪಕ್ಕದವರ ಮುಂದಿನ ಮರ್ಯಾದೆಗಾಗಿ ಆಕೆ ಕಿವಿಯೋಲೆಯನ್ನಾದರೂ ಅಡವಿಟ್ಟು ಕಟ್ಟುತ್ತಾಳೆ. ಉಪಕರಣ ನೂರನ್ನೇ ತೋರಿಸುತ್ತಿರುತ್ತದೆ.

ಬಡ್ಡಿಯ ಲೆಕ್ಕವನ್ನೂ ನೋಡಿ. ಸಾಲ 50,000 ರೂಪಾಯಿ, ಬಡ್ಡಿ ಶೇಕಡ 12, ಐವತ್ತು ವಾರದ ಕಂತು ಎಂದಿಟ್ಟುಕೊಳ್ಳೋಣ. ಬಡ್ಡಿಯನ್ನು ಮೊದಲ ಮೊತ್ತದ ಮೇಲೆಯೇ ಹಾಕಿದರೆ 6,000 ರೂಪಾಯಿ, ವಾರಕ್ಕೆ ಕಟ್ಟಬೇಕಾದದ್ದು 1,120. ಅಸಲು ವಾರಕ್ಕೆ ಸಾವಿರದಂತೆ ಇಳಿಯುವುದರಿಂದ ಆಕೆಯ ಕೈಯಲ್ಲಿದ್ದ ಸಾಲದ ಸರಾಸರಿ 25,500 ಮಾತ್ರ. ಅದಕ್ಕೆ 6,000 ಎಂದರೆ ಶೇಕಡ 23ಕ್ಕೂ ಹೆಚ್ಚು. ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದ ಶೇಕಡ 12ಕ್ಕೂ ಇದಕ್ಕೂ ಹೆಸರೊಂದೇ, ಮೌಲ್ಯ ಬೇರೆ. ನಿಮ್ಮ ಸಂಘದ ಬಡ್ಡಿ ಯಾವ ಬಗೆಯದು ಎಂದು ಕೇಳಿ ತಿಳಿದುಕೊಳ್ಳಿ.

ರಿಸರ್ವ್ ಬ್ಯಾಂಕು 2022ರಲ್ಲಿ ತಂದ ನಿಯಮದಂತೆ ಕಿರುಸಾಲ ಪಡೆದ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ಅದರ ಮಾಸಿಕ ಆದಾಯದ ಅರ್ಧವನ್ನು ಮೀರಬಾರದು. ಒಳ್ಳೆಯ ನಿಯಮವೇ. ಆದರೆ ರೈತಾಪಿ ಮನೆಗೆ ಮಾಸಿಕ ಆದಾಯವೆಂಬುದು ವರ್ಷದ ಗಳಿಕೆಯನ್ನು ಹನ್ನೆರಡರಿಂದ ಭಾಗಿಸಿ ಪಡೆದ ಅಂಕಿ. ಕರಾವಳಿಯ ಸುಮಾರು 4,000 ಮಿಲಿಮೀಟರ್ ಮಳೆಯನ್ನು ಹಾಗೆ ಭಾಗಿಸಿದರೆ ತಿಂಗಳಿಗೆ 330 ಮಿಲಿಮೀಟರಿಗೂ ಹೆಚ್ಚು. ಆ ಲೆಕ್ಕದಲ್ಲಿ ಏಪ್ರಿಲಿನಲ್ಲೂ ಬಾವಿ ತುಂಬಿರಬೇಕು!

ವಾರದ ಕಂತಿಲ್ಲದಿದ್ದರೆ ಶಿಸ್ತು ಉಳಿಯದು ಎಂಬ ವಾದವಿದೆ. ಹಾಲು, ಮಲ್ಲಿಗೆ, ತೊಂಡೆಯಂತಹ ಮತ್ತೆ ಮತ್ತೆ ಕಾಸು ತರುವ ಕಸುಬಿಗೆ ಅದು ಸರಿ. ಫಸಲು ನೋಡಿಕೊಂಡು ಮರುಪಾವತಿ ಮಾಡುವ ವ್ಯವಸ್ಥೆಯೂ ನಮ್ಮಲ್ಲಿ ಹೊಸದಲ್ಲ. 1998ರಿಂದ ಕಿಸಾನ್ ಕ್ರೆಡಿಟ್ ಕಾರ್ಡ್ ಇದೆ, ಸಹಕಾರಿ ಸಂಘಗಳಲ್ಲಿ ಬೆಳೆಸಾಲವಿದೆ. ಆದರೆ ಅವು ಸಾಮಾನ್ಯವಾಗಿ ಕೇಳುವುದು ಪಹಣಿಯನ್ನು. ಅಡಿಕೆ ಹೆಕ್ಕುವವಳು, ಒಣಗಿಸುವವಳು, ಹಟ್ಟಿ ನೋಡಿಕೊಳ್ಳುವವಳು ಆಕೆಯಾದರೂ ಪಹಣಿಯಲ್ಲಿ ಹೆಸರು ಹೆಚ್ಚಾಗಿ ಗಂಡನದು, ಮಾವನದು. ಹಾಗಾಗಿ ಋತುವಿಗೆ ಹೊಂದುವ ಅಗ್ಗದ ಸಾಲ ಗಂಡಸಿಗೆ, ವಾರಕ್ಕೆ ಹೊಂದುವ ದುಬಾರಿ ಸಾಲ ಹೆಂಗಸಿಗೆ ಎಂಬಂತಾಗಿದೆ.

ವಸೂಲಿಯ ಕಿರುಕುಳವನ್ನು ತಡೆಯಲು ಕರ್ನಾಟಕ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಕಾನೂನು ಬಾಗಿಲಿಗೆ ಬಂದವನನ್ನು ತಡೆಯಬಲ್ಲದು, ಬೆಳೆಗೂ ಕಂತಿಗೂ ಇರುವ ಅಂತರವನ್ನು ತುಂಬಲಾರದು. ಅದಕ್ಕೆ ಅಳತೆಯೇ ಬದಲಾಗಬೇಕು. ಸಂಘದ ಪುಸ್ತಕದಲ್ಲಿ ಕಂತಿನ ಪಕ್ಕ ಇನ್ನೆರಡು ಅಂಕಣಗಳಿರಲಿ: ಈ ಕಂತಿನ ಹಣ ಎಲ್ಲಿಂದ ಬಂತು? ಸಾಲ ತೊಡಗಿಸಿದ ಕಸುಬಿನಿಂದ ಈ ತಿಂಗಳು ಬಂದದ್ದೆಷ್ಟು? ಎರಡೂ ಉತ್ತರಗಳನ್ನು ಬರೆಯಬಲ್ಲವಳು ಆ ಸದಸ್ಯೆಯೇ. ಒಂದು ವರ್ಷ ಬರೆದು ನೋಡಿದರೆ, ತೋಟ ಸಾಲವನ್ನು ತೀರಿಸುತ್ತಿದೆಯೋ ಅಥವಾ ಆಕೆಯ ಬೆರಳುಗಳು ತೀರಿಸುತ್ತಿವೆಯೋ ಎಂಬುದು ಆ ಪುಟದಲ್ಲೇ ಗೊತ್ತಾಗುತ್ತದೆ.