ಮೈಲಾರದ ದಾರಿಯ ಸ್ಪೋರ್ಟ್ಸ್ ಕಾರು

ಬೆಂಗಳೂರಿನ ಗೆಳೆಯ ಹೊಸ ಸ್ಪೋರ್ಟ್ಸ್ ಕಾರು ಕೊಂಡು ನನ್ನನ್ನೂ ಕೂರಿಸಿಕೊಂಡ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಅದೂ ನಿಂತಿತು, ಪಕ್ಕದ ಆಟೋವೂ ನಿಂತಿತು. ಆಗ ನೆನಪಾದದ್ದು ನಮ್ಮ ಹಡಗಲಿ ಸೀಮೆಯ ಸವಾರಿ ಬಂಡಿ.

ಅದರ ಗಾಲಿಯನ್ನು ನೋಡಬೇಕು. ಬಡಿಗ ನಡುವಿನ ಗುಂಬಕ್ಕೆ ಅರಗಳನ್ನು ಕೂರಿಸಿ ದುಂಡಗೆ ಕಟ್ಟುತ್ತಾನೆ. ಕಬ್ಬಿಣದ ಹಳಿಯನ್ನು ಗಾಲಿಗಿಂತ ತುಸು ಚಿಕ್ಕದಾಗಿಯೇ ಮಾಡಿ, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಅದು ಹಿಗ್ಗಿರುವಾಗಲೇ ತೊಡಿಸಿ ನೀರು ಸುರಿಯುತ್ತಾರೆ. ಹಳಿ ಕುಗ್ಗುತ್ತ ಮರವನ್ನೆಲ್ಲ ಬಿಗಿದಪ್ಪುವಾಗ ಚಟಚಟ ಸದ್ದು, ಹೊಗೆ. ಮೊಳೆಯಿಲ್ಲ, ಅಂಟಿಲ್ಲ. ಇಂಥ ಎಂಜಿನಿಯರಿಂಗಿಗೆ ನಾನಂತೂ ತಲೆಬಾಗುತ್ತೇನೆ.

ಇನ್ನು ಎಂಜಿನ್ನು. ಶಿವರಾತ್ರಿ ಹೊತ್ತಿಗೆ ಕುರುವತ್ತಿ ಬಸವೇಶ್ವರನ ಜಾತ್ರೆಯಲ್ಲಿ ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ, ಟವೆಲ್ ಮರೆಯಲ್ಲಿ ಬೆರಳು ಹಿಡಿದು ಎತ್ತಿನ ದರ ಮಾತಾಡುತ್ತಾರೆ. ಟೆಸ್ಟ್ ಡ್ರೈವ್ ಇಲ್ಲೂ ಇದೆ!

ಭಾರತ ಹುಣ್ಣಿಮೆಗೆ ಮೈಲಾರದ ಕಾರಣಿಕದ ಭವಿಷ್ಯನುಡಿ ಕೇಳಲು ಹೊರಟ ಬಂಡಿಗಳಲ್ಲಿ ಜೂಲು ಹೊದ್ದ ಎತ್ತುಗಳು, ಕೊರಳ ತುಂಬ ಗೆಜ್ಜೆ. ಮರಳುವಾಗ ಒಡೆಯ ನಿದ್ದೆಹೋದರೂ ಅವು ಮನೆಯ ಬಾಗಿಲಿಗೇ ತಂದು ನಿಲ್ಲಿಸುತ್ತವೆ.

ಗೆಳೆಯನಿಗೆ ಇದನ್ನೆಲ್ಲ ಹೇಳಿ ಮುಗಿಸಿದೆ. ಸಿಗ್ನಲ್ ಇನ್ನೂ ಕೆಂಪಾಗಿತ್ತು.