ಶರಕ್ರೀಡಾಯಂತ್ರಗಳಲ್ಲಿ ವೀರರಸವಿಚಾರ

ಆಕಾಶದಿಂದ ಸಾಲುಗಟ್ಟಿ ಇಳಿಯುವ ಶತ್ರುಗಳನ್ನು ಪರದೆಯ ಕೆಳಗಣ ಅಂಚಿನಿಂದ ಹೊಡೆದುರುಳಿಸಿ ಅಂಕಗಳನ್ನು ಕೂಡಿಸುವ ಹಳೆಯ ವಿಡಿಯೋ ಗೇಮುಗಳ ವಿಷಯದಲ್ಲಿ ವಿದ್ವದ್ಗೋಷ್ಠಿಗಳಲ್ಲಿ ಎರಡು ಮತಗಳು ಕೇಳಿಬರುವುವು. ಇವು ದ್ಯೂತದ ಜಾತಿಗೆ ಸೇರಿದ ವ್ಯಸನವೆಂದು ಕೆಲವರೆನ್ನುವರು. ಆಡುವವನೇ ನಾಯಕನಾಗಿರುವುದರಿಂದ ಇವು ನವೀನ ವೀರಕಾವ್ಯಗಳೇ ಸರಿಯೆಂದು ಮತ್ತೆ ಕೆಲವರು ವಾದಿಸುವರು. ಮೊದಲನೆಯ ಮತಕ್ಕೆ ಹೆಚ್ಚು ಮಾತು ಬೇಕಾಗಿಲ್ಲ. ದಾಳವು ಬಿದ್ದಂತೆ ಫಲವಾಗುವ ಕಡೆ ದ್ಯೂತವುಂಟು. ಎಣಿಕೆಯೂ ಕೈಚಳಕವೂ ಫಲವನ್ನು ನಿರ್ಣಯಿಸುವ ಕಡೆ ಆ ಹೆಸರು ಸಲ್ಲದು. ಎರಡನೆಯ ಮತವಾದರೋ ಪರೀಕ್ಷಿಸತಕ್ಕದ್ದು.

ಉದಾಹರಣೆಗೆ 'ಸ್ಪೇಸ್ ಇನ್ವೇಡರ್ಸ್' ಎಂಬುದನ್ನೇ ತೆಗೆದುಕೊಳ್ಳೋಣ. ಇದನ್ನು ಜಪಾನಿನ ಟೈಟೋ ಸಂಸ್ಥೆಗಾಗಿ ತೊಮೊಹಿರೊ ನಿಶಿಕಾದೊ ಎಂಬಾತನು ೧೯೭೮ರಲ್ಲಿ ರಚಿಸಿದನು. ಸಾಲಿಗೆ ೧೧ರಂತೆ ಐದು ಸಾಲುಗಳಲ್ಲಿ ೫೫ ಶತ್ರುಗಳು. ಆಡುವವನಿಗೆ ಒಂದು ಫಿರಂಗಿ, ಅದರ ಮುಂದೆ ನಾಲ್ಕು ಮರೆಗೋಡೆಗಳು. ಕೆಳಗಣ ಎರಡು ಸಾಲಿನವರನ್ನು ಕೊಂದರೆ ತಲೆಗೆ ೧೦, ನಡುವಣ ಎರಡು ಸಾಲಿಗೆ ೨೦, ಮೇಲಣ ಸಾಲಿಗೆ ೩೦ ಅಂಕಗಳು. ಒಂದು ಪಡೆಯನ್ನು ನಿಃಶೇಷವಾಗಿ ಅಳಿಸಿದವನಿಗೆ ೯೯೦. ಅದು ಮುಗಿಯಿತೆನ್ನುವಷ್ಟರಲ್ಲಿ ಮತ್ತೊಂದು ಪಡೆಯು ಇನ್ನೂ ಕೆಳಗಿನಿಂದಲೇ ಹೊರಡುವುದು. ಶತ್ರುಗಳು ಕಡಿಮೆಯಾದಷ್ಟೂ ಉಳಿದವರ ನಡೆ ಚುರುಕಾಗುವುದು. ಇದು ಕರ್ತೃವು ಮೊದಲೇ ಸಂಕಲ್ಪಿಸಿದ್ದಲ್ಲ. ಚಿತ್ರಿಸಬೇಕಾದ ಆಕೃತಿಗಳು ಕಡಿಮೆಯಾದಾಗ ಯಂತ್ರವು ತಾನಾಗಿ ಬೇಗ ಓಡಿತು. ಆತನು ಅದನ್ನು ಕಂಡು ಹಾಗೆಯೇ ಉಳಿಸಿಕೊಂಡನು. ಒಳ್ಳೆಯ ಕವಿಯು ಛಂದಸ್ಸಿನ ನಿರ್ಬಂಧದಿಂದಲೇ ಒಂದು ಚಮತ್ಕಾರವನ್ನು ಪಡೆಯುವುದಿಲ್ಲವೆ?

ಈ ಯುದ್ಧದಲ್ಲಿ ಜಯವಿಲ್ಲ. ಒಬ್ಬ ಶತ್ರುವು ನೆಲವನ್ನು ಮುಟ್ಟಿದರೂ, ಕೈಯಲ್ಲಿ ಫಿರಂಗಿಗಳು ಮಿಕ್ಕಿದ್ದರೂ, ಆಟವು ಮುಗಿಯಿತು. ಮರಣವು ನಿಶ್ಚಿತ, ಅದಕ್ಕೆ ಮುಂಚೆ ಏನು ಮಾಡಿದನೆಂಬುದು ಮಾತ್ರ ಅನಿಶ್ಚಿತ. ಇಂತಹ ಯುದ್ಧದ ಸ್ವರೂಪವನ್ನರಿಯಲು ನಮ್ಮ ಸೀಮೆಯವರು ದೂರ ಹೋಗಬೇಕಾಗಿಲ್ಲ. ಇಂದು ನ್ಯಾಮತಿಯೂ ಸೇರಿದ ಹಳೆಯ ಹೊನ್ನಾಳಿ ತಾಲ್ಲೂಕಿನ ಮತ್ತು ಚನ್ನಗಿರಿಯ ಶಾಸನಗಳನ್ನು ರೈಸ್ ಸಾಹೇಬರು ೧೯೦೨ರಲ್ಲಿ 'ಎಪಿಗ್ರಾಫಿಯ ಕರ್ನಾಟಿಕ'ದ ಏಳನೆಯ ಸಂಪುಟದಲ್ಲಿಯೂ, ಜಗಳೂರಿನವನ್ನು ಹನ್ನೊಂದನೆಯದರಲ್ಲಿಯೂ ಪ್ರಕಟಿಸಿದರು. ತುರುಗೊಳ್ಳಲು ಬಂದವರನ್ನೋ ಊರನ್ನಳಿಯಲು ಬಂದವರನ್ನೋ ತಡೆದು ಬಿದ್ದವನ ಕಲ್ಲುಗಳು ನಮ್ಮ ನಾಡಿನಲ್ಲಿ ಎಷ್ಟೋ ಉಂಟು. ಅಲ್ಲಿಯೂ ನಾಯಕನು ಸಾಯುವನೆಂಬುದು ಕಲ್ಲನ್ನು ಕಂಡೊಡನೆಯೇ ತಿಳಿಯುವುದು. ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ದೇವಸನ್ನಿಧಿ. ಸೋಲುಗೆಲವುಗಳ ಮಾತು ಅಲ್ಲಿ ಗೌಣ.

ಆದರೆ ಒಂದು ಭೇದವುಂಟು. ವೀರಗಲ್ಲು ಸಾಮಾನ್ಯವಾಗಿ ಹಲವರನ್ನು ಕೊಂದನೆಂದು ಹೇಳಿ ಸುಮ್ಮನಾಗುವುದು, ಲೆಕ್ಕವಿಡದು. ಅದು ಮರೆಯದೆ ಹೇಳುವುದು ಯಾವುದಕ್ಕಾಗಿ ಬಿದ್ದನೆಂಬುದನ್ನು. ಯಂತ್ರವು ಲೆಕ್ಕವನ್ನು ಮಾತ್ರ ಇಡುವುದು. ಹೀಗಾಗಿ ಹೆಚ್ಚಿನ ಅಂಕಕ್ಕಾಗಿಯೇ ಆಡುವವನಲ್ಲಿ ವೀರವುಂಟೆ, ಇಲ್ಲ ಬರಿಯ ಗಣಕಬುದ್ಧಿಯೆ ಎಂಬ ಸಂಶಯವು ಹುಟ್ಟುವುದು.

ಸಂಶಯವನ್ನು ಬಲಪಡಿಸುವ ಸಂಗತಿಯೊಂದಿದೆ. ಪಡೆಗೆ ೯೯೦ ಎಂಬುದು ಎಲ್ಲರಿಗೂ ಸಮಾನವಾದುದರಿಂದ, ಅದಕ್ಕಿಂತ ಮೇಲಾಗುವ ಅಂಕವೆಲ್ಲ ಆಗಾಗ ಮೇಲಂಚಿನಲ್ಲಿ ಹಾದುಹೋಗುವ ತಟ್ಟೆಯಾಕಾರದ ವಿಮಾನದಿಂದಲೇ ಬರಬೇಕು. ಅದನ್ನು ಹೊಡೆದರೆ ೫೦, ೧೦೦, ೧೫೦ ಅಥವಾ ೩೦೦. ಇದು ಅದೃಷ್ಟವೆಂದು ಮೊದಲು ತಿಳಿದಿದ್ದರು. ಪಡೆಯ ಆರಂಭದಿಂದ ಎಣಿಸಿದರೆ ಇಪ್ಪತ್ತಮೂರನೆಯ ಗುಂಡಿಗೂ, ಆಮೇಲೆ ಪ್ರತಿ ಹದಿನೈದನೆಯ ಗುಂಡಿಗೂ ೩೦೦ ದೊರೆಯುವುದೆಂದು ನಿಪುಣರು ಕಂಡುಹಿಡಿದರು. ಅಂದಿನಿಂದ ಬಲ್ಲವರು ಬಾಯಲ್ಲಿ ಎಣಿಸುತ್ತಲೇ ಹೊಡೆಯುವರು; ಎಣಿಕೆ ಕೂಡದಿದ್ದರೆ ಒಂದು ಗುಂಡನ್ನು ಬೇಕೆಂದೇ ಬಯಲಿಗೆ ಬಿಡುವರು. ವಿಮಾನವು ಇನ್ನೊಮ್ಮೆ ಬರಲೆಂದು ಪಡೆಯನ್ನು ಬೇಗನೆ ಮುಗಿಸದೆ ಕಾಯುವರು.

ಇದು ವೀರಕ್ಕೆ ಹೊರತೆಂದು ಪೂರ್ವಪಕ್ಷಿಯು ಹೇಳಿದರೆ ನಾವು ಒಪ್ಪೆವು. ಭರತಮುನಿಯು ವೀರಕ್ಕೆ ವಿಭಾವಗಳನ್ನು ಹೇಳುವಾಗ ಪರಾಕ್ರಮವನ್ನು ಮೊದಲಿಗೆ ಇಡಲಿಲ್ಲ. ಅಸಂಮೋಹ, ಅಧ್ಯವಸಾಯ, ನಯ ಎಂಬುವು ಅದಕ್ಕೆ ಮುಂಚೆ ಬರುವುವು. ಶತ್ರುವು ತಲೆಯ ಮೇಲೆ ಇಳಿಯುತ್ತಿರುವಾಗ ಹದಿನಾಲ್ಕರವರೆಗೆ ತಪ್ಪದೆ ಎಣಿಸುವುದು ಅಸಂಮೋಹವಲ್ಲದೆ ಮತ್ತೇನು? ಕಾಯುವುದರಲ್ಲಿ ಆಪತ್ತು ಹೆಚ್ಚುತ್ತ ಹೋಗುವುದರಿಂದ ಅಲ್ಲಿ ನಯವೂ ಸಾಹಸವೂ ಒಂದನ್ನೊಂದು ಬಿಟ್ಟಿಲ್ಲ. ಜಪಾನಿನವರು ನಗೋಯಾ ಪದ್ಧತಿಯೆಂದು ಕರೆಯುವ ಉಪಾಯವು ಇದಕ್ಕಿಂತಲೂ ಮಿಗಿಲು. ಶತ್ರುಗಳು ಫಿರಂಗಿಯ ನೆತ್ತಿಗೆ ತಗಲುವಷ್ಟು ಕೆಳಗಿಳಿದಾಗ ಅವರ ಬಾಣಗಳು ಆಡುವವನನ್ನು ತಾಕುವುದಿಲ್ಲ. ಆದರೆ ಅಲ್ಲಿಂದ ಇನ್ನೊಂದು ಹೆಜ್ಜೆ ಇಳಿದರೆ ಸರ್ವನಾಶ. ಇದನ್ನರಿತು ಶತ್ರುವನ್ನು ಆ ಕೊನೆಯ ಹೆಜ್ಜೆಯವರೆಗೆ ಬರಗೊಟ್ಟು ಹೊಡೆಯುವವನನ್ನು ವೀರನಲ್ಲವೆನ್ನಲು ನಮ್ಮ ನಾಲಗೆ ಏಳದು.

ಇನ್ನೊಂದು ಆಕ್ಷೇಪವು ಶಾಸ್ತ್ರೀಯವಾದುದು. ರಸವು ಸಹೃದಯನಿಗಲ್ಲದೆ ಹೋರಾಡುವವನಿಗಿಲ್ಲ. ಆಡುವವನ ಎದೆಯಲ್ಲಿರುವುದು ಲೌಕಿಕವಾದ ಉತ್ಸಾಹ, ಕೆಲವೊಮ್ಮೆ ಬರಿಯ ಭಯ. ಅಭಿನವಗುಪ್ತಾಚಾರ್ಯರ ದಾರಿಯಲ್ಲಿ ನಡೆಯುವವರು ಇದನ್ನು ಅಲ್ಲಗಳೆಯಲಾಗದು. ಹಾಗಾದರೆ ರಸವೆಲ್ಲಿ? ಆಡುವವನ ಬೆನ್ನ ಹಿಂದೆ ನಿಂತವನಲ್ಲಿ. ೧೯೯೦ರ ದಶಕದಲ್ಲಿ ಟಿ.ವಿ.ಗೆ ಸಿಕ್ಕಿಸುವ ಆಟದ ಪೆಟ್ಟಿಗೆಗಳೂ, 'ಗ್ಯಾಲಾಕ್ಸಿಯನ್' ಮೊದಲಾದುವುಗಳನ್ನು ಅಡಕಮಾಡಿದ ಕ್ಯಾಸೆಟ್ಟುಗಳೂ ನಮ್ಮ ಊರುಗಳಿಗೆ ಬಂದಾಗ ಆಡುವವನು ಒಬ್ಬ, ಉಸಿರು ಹಿಡಿದು ನೋಡುವವರು ಹತ್ತು ಮಂದಿ. ಆ ಹತ್ತು ಮಂದಿಯೇ ನಮ್ಮ ಸಾಮಾಜಿಕರು. ಈ ಆಟಗಳನ್ನು ಕಾವ್ಯವೆನ್ನುವವರು ಆಡುವವನನ್ನು ಹೊಗಳುವ ಭರದಲ್ಲಿ ಇವರನ್ನು ಮರೆತಿದ್ದಾರೆ.

ಈ ಸಾಮಾಜಿಕನನ್ನೇ ಪ್ರಮಾಣವಾಗಿಟ್ಟುಕೊಂಡರೆ ಅಟಾರಿ ಸಂಸ್ಥೆಯ ೧೯೭೯ರ 'ಆಸ್ಟರಾಯ್ಡ್ಸ್' ಎಂಬುದರ ಯೋಗ್ಯತೆಯೂ ತಿಳಿಯುವುದು. ಅದರಲ್ಲಿ ಆಕಾಶದ ಬಂಡೆಗಳನ್ನು ಒಡೆಯಬೇಕು. ನಿಪುಣರು ಒಂದೆರಡು ಬಂಡೆಗಳನ್ನು ಬೇಕೆಂದೇ ಉಳಿಸಿ, ಅಂಚಿನಲ್ಲಿ ಹೊಂಚುಹಾಕಿ, ಬರುವ ಸಣ್ಣ ವಿಮಾನಗಳನ್ನು ತಲಾ ೧,೦೦೦ದಂತೆ ಹೊಡೆಯುತ್ತ ಕೂತರು. ಮಿಗಿಲಾದ ನೌಕೆಗಳು ರಾಶಿಬೀಳುವುದರಿಂದ ನಡುನಡುವೆ ಎದ್ದುಹೋಗುವುದಕ್ಕೂ ಅವಕಾಶವುಂಟು. ೧೯೮೨ರಲ್ಲಿ ಸ್ಕಾಟ್ ಸಫ್ರಾನ್ ಎಂಬ ಅಮೆರಿಕದ ಹುಡುಗನು ೪,೧೩,೩೬,೪೪೦ ಅಂಕಗಳನ್ನು ಗಳಿಸಿದನು. ಆತನು ೧೯೮೯ರಲ್ಲಿ ತೀರಿಕೊಂಡನು. ಆ ಅಂಕವನ್ನು ೨೦೧೦ರಲ್ಲಿ ಜಾನ್ ಮೆಕ್‌ಆಲಿಸ್ಟರ್ ಎಂಬಾತನು ೪,೧೩,೩೮,೭೪೦ರಿಂದ ಮೀರಿದನು. ಹೆಚ್ಚಾದುದು ೨,೩೦೦, ಎಂದರೆ ಎರಡು ಮೂರು ವಿಮಾನಗಳ ಬೆಲೆ. ಅದಕ್ಕಾಗಿ ಎರಡು ದಿನಗಳಿಗೂ ಮೀರಿ ಆಡಬೇಕಾಯಿತು.

ಇಬ್ಬರ ಅಧ್ಯವಸಾಯವೂ ತಪಸ್ಸಿಗೆ ಸಮಾನವೆಂಬುದರಲ್ಲಿ ವಿವಾದವಿಲ್ಲ. ಆದರೂ ಅದು ರಸವಾಗದು. ಪುಷ್ಟವಾದ ರಸವನ್ನು ಮತ್ತೆ ಮತ್ತೆ ಉದ್ದೀಪಿಸುವುದು ರಸವಿರೋಧವೆಂದು ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ಎಚ್ಚರಿಸಿದ್ದಾನೆ. ಐವತ್ತು ಗಂಟೆಗಳ ಕಾಲ ಒಂದೇ ಹೊಂಚನ್ನು ನೋಡುವ ಸಹೃದಯನಿಲ್ಲ. ಇದಕ್ಕೆ ಆಳವಾದ ಕಾರಣವೂ ಉಂಟು: 'ಆಸ್ಟರಾಯ್ಡ್ಸ್'ನಲ್ಲಿ ನೌಕೆಗೆ ತನ್ನನ್ನುಳಿದು ಕಾಯಬೇಕಾದ್ದು ಏನೂ ಇಲ್ಲ. 'ಸ್ಪೇಸ್ ಇನ್ವೇಡರ್ಸ್'ನಲ್ಲಿ ನೆಲವಿದೆ. ತುರುವೂ ಊರೂ ಇಲ್ಲದ ಕಡೆ ವೀರಗಲ್ಲು ನಿಲ್ಲುವುದು ಹೇಗೆ? ಸಂಖ್ಯೆಯಲ್ಲಿ ನಾಲ್ಕು ಕೋಟಿಯಾದರೂ ವೀರದಲ್ಲಿ ಆ ಆಟವು ೯೯೦ರ ಪಡೆಗಿಂತ ಕೆಳಗೆಂದೇ ನಮ್ಮ ಅಭಿಪ್ರಾಯ.

'ಸ್ಪೇಸ್ ಇನ್ವೇಡರ್ಸ್'ನ ಅಂಕಕ್ಕೆ ನಾಲ್ಕೇ ಸ್ಥಾನಗಳು. ೯,೯೯೦ನ್ನು ದಾಟಿದವನ ಲೆಕ್ಕವು ಸೊನ್ನೆಯಿಂದ ಮರಳಿ ಹೊರಡುವುದು. ಗೆದ್ದವನ ಹೆಸರನ್ನೂ ಅದು ಬರೆಯದು. ವಿದ್ಯುತ್ತು ಹೋದರೆ ಅಂಕವೂ ಅಳಿಯಿತು. ನಮ್ಮ ಊರುಗಳ ಕ್ಯಾಸೆಟ್ಟುಗಳ ಪಾಡೂ ಇದೇ ಆಗಿದ್ದಿತು, ಕರೆಂಟು ಹೋಗುವುದಂತೂ ದಿನದ ಮಾತು. ಜಗಳೂರಿನ ಒಂದು ಮನೆಯ ಸುಣ್ಣದ ಗೋಡೆಯ ಮೇಲೆ ಹುಡುಗರು ಇದ್ದಲಿನಿಂದ ಬರೆದಿದ್ದ ಪಟ್ಟಿಯನ್ನು ನಾವು ನೋಡಿದ್ದುಂಟು. ಹೆಸರು, ಅಂಕ, ತಾರೀಖು. ಕೆಲವೆಡೆ ಪಕ್ಕದಲ್ಲಿ, ನೋಡಿದವನ ಹೆಸರು.