‘ವೃಕ್ಷಸಾಕ್ಷಿ’ಯ ಧರ್ಮಾಧಿಕರಣ

ದುರ್ಗಸಿಂಹನ ‘ಪಂಚತಂತ್ರ’ದಲ್ಲಿ ಬರುವ ಧರ್ಮಬುದ್ಧಿ ದುಷ್ಟಬುದ್ಧಿಯರ ಕಥೆಯು ‘ವೃಕ್ಷಸಾಕ್ಷಿ’ ಎಂಬ ಹೆಸರಿನಿಂದ ಪಠ್ಯಪುಸ್ತಕವನ್ನು ಸೇರಿ ನಮ್ಮ ವಿದ್ಯಾರ್ಥಿಗಳಿಗೆ ಸುಪರಿಚಿತವಾಗಿದೆ. ಧರ್ಮಕ್ಕೆ ಜಯವೆಂಬ ನೀತಿಯನ್ನು ಅದರಿಂದ ತೆಗೆದುಕೊಟ್ಟು ಮುಂದಿನ ಪಾಠಕ್ಕೆ ಹೋಗುವುದು ತರಗತಿಗಳಲ್ಲಿ ವಾಡಿಕೆ. ಆದರೆ ಈ ಕಥೆಯ ಬಹುಭಾಗ ಒಂದು ವ್ಯಾಜ್ಯದ ವಿಚಾರಣೆಯೆಂಬುದನ್ನು ಮರೆಯಲಾಗದು. ಕವಿಯಾದರೋ ಚಾಲುಕ್ಯ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದವನು; ಗ್ರಂಥದ ಕಾಲ ಸುಮಾರು ಕ್ರಿ.ಶ. 1031. ರಾಜಕಾರ್ಯವನ್ನು ಹತ್ತಿರದಿಂದ ಬಲ್ಲವನು ಚಿತ್ರಿಸಿದ ಈ ವಿಚಾರಣೆಯಲ್ಲಿ ಧರ್ಮಾಧಿಕರಣರು ತಮ್ಮ ಕರ್ತವ್ಯವನ್ನು ನೆರವೇರಿಸಿದರೇ ಎಂಬುದೇ ನಾವಿಲ್ಲಿ ಕೇಳಬಯಸುವ ಪ್ರಶ್ನೆ.

ವ್ಯಾಜ್ಯದ ಸ್ವರೂಪ ಸರಳವಾದುದು. ಇಬ್ಬರು ವರ್ತಕರು ಕೂಡಿ ಗಳಿಸಿದ ಹೊನ್ನನ್ನು ಆಲದ ಮರದ ಕೆಳಗೆ ಹೂಳುತ್ತಾರೆ. ದುಷ್ಟಬುದ್ಧಿಯು ಅದನ್ನು ಕದ್ದು, ಕಳವನ್ನು ಜೊತೆಗಾರನ ಮೇಲೆ ಹೊರಿಸಿ ಧರ್ಮಾಧಿಕರಣಕ್ಕೆ ಹೋಗುತ್ತಾನೆ. ಪತ್ರವಿಲ್ಲ, ಕಂಡವರಿಲ್ಲ. ಸಾಕ್ಷಿಯ ಮಾತು ಬಂದಾಗ ಆ ಮರವೇ ಸಾಕ್ಷಿಯೆನ್ನುತ್ತಾನೆ. ಇಂಥದನ್ನು ಹಿಂದೆ ಕೇಳಿಲ್ಲವೆಂದು ಬೆರಗಾದ ಧರ್ಮಾಧಿಕರಣರು, ಆದರೂ ಮರುದಿನ ಮರವನ್ನೇ ಕೇಳುವುದೆಂದು ನಿಶ್ಚಯಿಸುತ್ತಾರೆ. ಆ ಇರುಳು ದುಷ್ಟಬುದ್ಧಿಯು ತಂದೆ ಪ್ರೇಮಮತಿಯನ್ನು, ಅವನು ಕುಲನಾಶದ ಭಯವನ್ನು ತೋರಿಸಿದರೂ ಕೇಳದೆ, ಮರದ ಪೊಟರೆಯೊಳಗೆ ಅಡಗಿಸುತ್ತಾನೆ.

ಈ ನಿಶ್ಚಯವನ್ನು ಅಳೆಯಲು ಹೊರಗಿನ ಅಳತೆಗೋಲು ಬೇಕಾಗಿಲ್ಲ. ಅದೇ ಚಾಲುಕ್ಯರ ರಾಜ್ಯದಲ್ಲಿ, ಕಲ್ಯಾಣದ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ವಿಜ್ಞಾನೇಶ್ವರನು ‘ಮಿತಾಕ್ಷರಾ’ವನ್ನು ರಚಿಸಿದನು. ಅದು ದುರ್ಗಸಿಂಹನಿಗಿಂತ ಈಚಿನದಾದರೂ ಅದಕ್ಕೆ ಮೂಲವಾದ ಯಾಜ್ಞವಲ್ಕ್ಯ ಸ್ಮೃತಿಯು ಇಬ್ಬರಿಗಿಂತಲೂ ಪ್ರಾಚೀನ. ಅದರಂತೆ ಪ್ರಮಾಣಗಳು ಮೂರು: ಲಿಖಿತ, ಭುಕ್ತಿ, ಸಾಕ್ಷಿ. ಸಾಕ್ಷಿಗಳು ಸಾಮಾನ್ಯವಾಗಿ ಮೂವರಿಗೆ ಕಡಿಮೆಯಿರಬಾರದು. ಈ ಮೂರೂ ಇಲ್ಲದೆಡೆ ತುಲಾ, ಅಗ್ನಿ, ಜಲ, ವಿಷ, ಕೋಶವೆಂಬ ದಿವ್ಯಗಳು. ಮಾತನಾಡುವ ಮರವು ಇವುಗಳಲ್ಲಿ ಯಾವುದಕ್ಕೂ ಸೇರದು. ಅಲ್ಲದೆ ರಾಗದಿಂದಾಗಲಿ ಲೋಭದಿಂದಾಗಲಿ ಭಯದಿಂದಾಗಲಿ ಸ್ಮೃತಿಗೆ ವಿರುದ್ಧವಾಗಿ ನಡೆದ ಸಭ್ಯರಿಗೆ ಒಬ್ಬೊಬ್ಬರಿಗೂ ಇಮ್ಮಡಿ ದಂಡವನ್ನು ಆ ಸ್ಮೃತಿಯು ವಿಧಿಸುತ್ತದೆ. ನಮ್ಮ ಧರ್ಮಾಧಿಕರಣರಲ್ಲಿ ಈ ಮೂರು ದೋಷಗಳಿಲ್ಲ. ಅವರನ್ನು ದಾರಿ ತಪ್ಪಿಸಿದ್ದು ಕುತೂಹಲ. ಸ್ಮೃತಿಕಾರನು ಹೆಸರಿಸದ ಈ ನಾಲ್ಕನೆಯ ದೋಷವನ್ನು ಕಥೆಗಾರನು ಕಾಣಿಸಿದ್ದಾನೆ.

ಇಲ್ಲಿ ಪಾಶ್ಚಾತ್ಯರ ಜ್ಯೂರಿ ಪದ್ಧತಿಯನ್ನು ನೆನೆಯುವುದು ಉಪಯುಕ್ತ. ಅಮೆರಿಕದಲ್ಲಿ 1791ರ ಏಳನೆಯ ತಿದ್ದುಪಡಿಯು ಇಪ್ಪತ್ತು ಡಾಲರಿಗೆ ಮೀರಿದ ಸಿವಿಲ್ ವ್ಯಾಜ್ಯಗಳಲ್ಲಿ ಜ್ಯೂರಿಯ ಹಕ್ಕನ್ನು ಕಾಯ್ದಿರಿಸಿತು. ಇಂಗ್ಲೆಂಡಿನಲ್ಲಿ 1933ರ ಶಾಸನದ ಬಳಿಕ ಅದು ಕೆಲವೇ ಬಗೆಯ ಮೊಕದ್ದಮೆಗಳಿಗೆ ಸೀಮಿತವಾಯಿತು. ಆ ಪದ್ಧತಿಯಲ್ಲಿ ಕೆಲಸ ಎರಡಾಗಿ ಒಡೆದಿದೆ. ಯಾವ ಸಾಕ್ಷ್ಯ ಒಳಗೆ ಬರಬಹುದೆಂದು ನ್ಯಾಯಾಧೀಶನು ಹೇಳುತ್ತಾನೆ. ಬಂದುದರಲ್ಲಿ ಯಾವುದನ್ನು ನಂಬಬೇಕೆಂದು ಜ್ಯೂರಿಯು ಹೇಳುತ್ತದೆ. ನಮ್ಮ ಪ್ರಾಚೀನ ಸಭೆಯಲ್ಲಿಯೂ ಶಾಸ್ತ್ರಜ್ಞರಾದ ಸಭ್ಯರೊಡನೆ ಕೆಲವರು ವರ್ತಕರೂ ಕುಳಿತಿರಬೇಕೆಂಬ ಮಾತನ್ನು ವಿಜ್ಞಾನೇಶ್ವರನು ಉದಾಹರಿಸುತ್ತಾನೆ. ಆದರೆ ದುರ್ಗಸಿಂಹನ ಧರ್ಮಾಧಿಕರಣರಲ್ಲಿ ಬಾಗಿಲು ಕಾಯುವವರೂ ಒಳಗೆ ಕುಳಿತು ಕೇಳುವವರೂ ಒಬ್ಬರೇ. ಕೇಳುವ ಆಸೆಯು ಕಾಯುವ ಹೊಣೆಯನ್ನು ಮರೆಸಿತು.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಮರವು ದೇವತೆಗಳ ಆವಾಸವೆಂಬುದು ಆ ಕಾಲದ ನಂಬಿಕೆ. ಧರ್ಮಾಧಿಕರಣರು ಮರವನ್ನು ಪ್ರಶ್ನಿಸುವುದೂ ಆ ನಂಬಿಕೆಯಿಂದಲೇ. ಇದು ನಿಜ. ಆದರೆ ಅದೇ ನಂಬಿಕೆಯುಳ್ಳ ಧರ್ಮಬುದ್ಧಿಯು, ದೇವತೆಯಾದರೆ ಸುಳ್ಳು ನುಡಿಯಲಾರದೆಂದು ತರ್ಕಿಸಿ, ಮರವನ್ನು ಸುತ್ತಿ ನೋಡಿ ಮನುಷ್ಯಸಂಚಾರದ ಗುರುತನ್ನು ಹಿಡಿಯುತ್ತಾನೆ. ನಂಬಿಕೆಯು ಪರೀಕ್ಷೆಗೆ ಅಡ್ಡಿಯಲ್ಲವೆಂದು ಕವಿಯೇ ತೋರಿಸಿದ ಮೇಲೆ ಧರ್ಮಾಧಿಕರಣರಿಗೆ ಕಾಲಧರ್ಮದ ರಕ್ಷಣೆ ಸಲ್ಲದು. ಅವರು ಸ್ಥಳಕ್ಕೆ ಹೋದುದು ಪ್ರಶಂಸನೀಯ. ಆದರೆ ಹೋಗಿ ಕೇಳಿದರೇ ಹೊರತು ನೋಡಲಿಲ್ಲ.

ಸತ್ಯವು ಹೊರಬಿದ್ದ ಬಗೆಯೂ ವಿಚಾರಾರ್ಹವಾದುದು. ಹೊನ್ನನ್ನು ತಾನೇ ಪೊಟರೆಯಲ್ಲಿಟ್ಟೆನೆಂದು ಧರ್ಮಬುದ್ಧಿಯು ಸುಳ್ಳಾಡಿ ಕಿಚ್ಚಿಕ್ಕುತ್ತಾನೆ. ಒಲ್ಲದೆ ಒಳಹೊಕ್ಕ ಮುದುಕನು ಬೆಂದು ಹೊರಬೀಳುತ್ತಾನೆ. ನ್ಯಾಯಸ್ಥಾನವು ಮಾಡಬೇಕಾದ ಪರೀಕ್ಷೆಯನ್ನು ಮಾಡದಿದ್ದಾಗ ಸತ್ಯವಂತನೂ ಸುಳ್ಳನ್ನೂ ಬೆಂಕಿಯನ್ನೂ ಆಶ್ರಯಿಸಬೇಕಾಯಿತು. ಧರ್ಮವು ಗೆದ್ದಿತೆಂಬುದು ದಿಟ, ಧರ್ಮಾಧಿಕರಣವು ಗೆಲ್ಲಿಸಲಿಲ್ಲ.

ಇಂದು ಬೆಂಗಳೂರಿನ ಬನಶಂಕರಿಯ ಒಂದು ನಿವೇಶನಕ್ಕಾಗಿ ಇಬ್ಬರು ಪಾಲುದಾರರು ಸಿಟಿ ಸಿವಿಲ್ ನ್ಯಾಯಾಲಯಕ್ಕೆ ಹೋದರೆ ಅಲ್ಲಿ ಜ್ಯೂರಿಯಿರುವುದಿಲ್ಲ. ಕಾನೂನನ್ನೂ ಸಂಗತಿಯನ್ನೂ ನಿರ್ಣಯಿಸುವವರು ಒಬ್ಬರೇ ನ್ಯಾಯಾಧೀಶರು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯು ಅವರಿಗೆ ಸ್ಥಳವನ್ನು ಪರಿಶೀಲಿಸುವ ಅಧಿಕಾರವನ್ನು ಕೊಟ್ಟಿದೆ. ವಿವಾದಾಂಶಗಳ ಮೇಲೆ ಕಾರಣಸಹಿತವಾದ ತೀರ್ಪನ್ನು ಬರೆಯುವ ಹೊಣೆಯನ್ನೂ ಹೊರಿಸಿದೆ. ಎರಡು ಕೆಲಸಗಳು ಒಬ್ಬರಲ್ಲಿಯೇ ಕೂಡಿದಾಗ ಈ ಬರೆಹವೇ ಅವರ ಕುತೂಹಲಕ್ಕೂ ಒಲವಿಗೂ ಕಡಿವಾಣ. ಮರದ ಮಾತನ್ನು ಏಕೆ ಅಂಗೀಕರಿಸಿದೆವೆಂದು ಧರ್ಮಾಧಿಕರಣರು ಆ ಸಂಜೆಯೇ ಬರೆಯಬೇಕಾಗಿದ್ದರೆ, ಬಹುಶಃ ಮರುದಿನ ಮರದ ಬಳಿಗೆ ಹೋಗುತ್ತಲೇ ಇರಲಿಲ್ಲ.

ಆದುದರಿಂದ ‘ವೃಕ್ಷಸಾಕ್ಷಿ’ಯನ್ನು ಬೋಧಿಸುವವರು ದುಷ್ಟಬುದ್ಧಿಯ ದುಷ್ಟತನವನ್ನು ವಿವರಿಸುವಷ್ಟೇ ಶ್ರದ್ಧೆಯಿಂದ ಧರ್ಮಾಧಿಕರಣರ ನಡೆಯನ್ನೂ ಚರ್ಚೆಗೆ ತರಬೇಕೆಂಬುದು ನಮ್ಮ ಅಭಿಪ್ರಾಯ. ಕೇಡಿಗನ ಶಿಕ್ಷೆಯನ್ನು ಕಂಡು ತೃಪ್ತನಾಗುವ ವಿದ್ಯಾರ್ಥಿಯು ಕಥೆಯನ್ನು ಅರ್ಧ ಓದಿದಂತೆ. ನ್ಯಾಯಪೀಠವನ್ನು ಪ್ರಶ್ನಿಸಲು ಕಲಿತವನು ಪೂರ್ತಿ ಓದಿದಂತೆ.